ಸಹಿ ಕಡಿಮೆಯಾಯಿತು ಸರಿ, ಓದು?

ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರ ಗ್ರಂಥಾಲಯದ ಉಸ್ತುವಾರಿ ಹೊತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: ‘ಮೂರು ವರ್ಷದ ಹಿಂದೆ ನಮ್ಮ ಭೇಟಿ ರಜಿಸ್ಟರಿನಲ್ಲಿ ದಿನಕ್ಕೆ 30 ಸಹಿ ಬೀಳುತ್ತಿದ್ದವು. ಈಗ 10 ದಾಟುವುದಿಲ್ಲ. ಮೊಬೈಲ್ ಬಂದು ಮಕ್ಕಳು ಓದುವುದನ್ನೇ ಬಿಟ್ಟಿದ್ದಾರೆ. ಇನ್ನು ಈ ರಜಿಸ್ಟರ್ ಯಾಕೆ ಇಡಬೇಕು? ಮೇಲಾಗಿ ಪುಸ್ತಕ ಕಳೆದರೆ, ಮುಂದಿನವರಿಗೆ ಚಾರ್ಜ್ ಒಪ್ಪಿಸುವಾಗ ಅದು ನನ್ನ ತಲೆಗೇ ಬರುತ್ತದೆ.’

ಸಂಪಾದಕರ ಉತ್ತರ:

ಗುರುಗಳೇ, ನಮಸ್ಕಾರ.

ಮೊಬೈಲಿಗೆ ಬೈಯುವ ಮೊದಲು ರಜಿಸ್ಟರನ್ನೇ ಸ್ವಲ್ಪ ವಿಚಾರಿಸೋಣ. ಮೂರು ವರ್ಷದ ಹಿಂದಿನ ಪುಟ ತೆಗೆದು ಅಕ್ಷರ ನೋಡಿ. ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಹತ್ತು ಹೆಸರು ಸಾಲಾಗಿ ಇವೆಯೇ? ಹಾಗಿದ್ದರೆ ಅದು ಮಾನಿಟರ್ ತುಂಬಿದ ಪುಟ. ಇಡೀ ತರಗತಿಯನ್ನು ಕರೆತಂದು ಕೂರಿಸಿದ ಅವಧಿಯ ಲೆಕ್ಕ. ತಾನಾಗಿ ಬಂದವರ ಸಹಿ ಬೇರೆ ಬೇರೆ ಶಾಯಿಯಲ್ಲಿ, ಸೊಟ್ಟಗೆ, ಕೆಲವೊಮ್ಮೆ ಗೆರೆ ದಾಟಿ ಇರುತ್ತದೆ. ಅವನ್ನಷ್ಟೇ ಎಣಿಸಿದರೆ ನಿಮ್ಮ 30 ಎಷ್ಟಕ್ಕೆ ಇಳಿಯುತ್ತದೋ ನೋಡಿ.

ಹೋಲಿಸುವುದಾದರೆ ಜುಲೈಯನ್ನು ಜುಲೈಗೆ, ಜನವರಿಯನ್ನು ಜನವರಿಗೆ ಹೋಲಿಸಿ. ನಮ್ಮ ಕಡೆ ಹತ್ತಿ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಹಾಜರಾತಿಯೇ ತೆಳುವಾಗಿರುತ್ತದೆ. ಹಾಗಾಗಿ ಸಹಿಯನ್ನು ಶಾಲೆ ನಡೆದ ದಿನಗಳಿಂದ ಭಾಗಿಸಿ, ಅಂದಿನ ಹಾಜರಾತಿಯ ಪಕ್ಕ ಇಟ್ಟು ನೋಡಬೇಕು.

ಇಷ್ಟಾದ ಮೇಲೂ ಭೇಟಿ ಇಳಿದಿದ್ದರೆ ಮೊದಲು ಬಾಗಿಲ ಕಡೆ ನೋಡಿ. ಗ್ರಂಥಾಲಯದ ಕೋಣೆ ಸ್ಮಾರ್ಟ್ ಕ್ಲಾಸ್ ಆಗಿದೆಯೇ? ವೇಳಾಪಟ್ಟಿಯ ಗ್ರಂಥಾಲಯ ಅವಧಿಯನ್ನು ಹತ್ತನೆಯವರ ವಿಶೇಷ ತರಗತಿ ನುಂಗಿದೆಯೇ? ‘ಸರ್, ಕೀಲಿಕೈ ಯಾರ ಹಂತೇಲಿ ಐತ್ರೀ?’ ಎಂದು ಎರಡು ಸಲ ಕೇಳಿ ಬರಿಗೈಯಲ್ಲಿ ಹೋದ ಹುಡುಗಿ ಮೂರನೆಯ ಸಲ ಕೇಳುವುದಿಲ್ಲ. ಊಟದ ಬಿಡುವಿನಲ್ಲಿ ಮಕ್ಕಳ ಕೈಯಲ್ಲಿ ಮೊಬೈಲ್ ಇರುವುದಿಲ್ಲವಲ್ಲ. ಆ ಹೊತ್ತಿನ ಭೇಟಿ ಇಳಿದದ್ದಕ್ಕೆ ಮೊಬೈಲನ್ನು ದೂರಿದರೆ ಲೆಕ್ಕ ಕೂಡುವುದಿಲ್ಲ. ಮೊಬೈಲ್ ಕದಿಯುವುದು ಸಂಜೆಯನ್ನು. ಅದು ಕಾಣಬೇಕಾದದ್ದು ಇನ್ನೊಂದು ರಜಿಸ್ಟರಿನಲ್ಲಿ: ಪುಸ್ತಕ ಕೊಟ್ಟು ಪಡೆಯುವುದರಲ್ಲಿ.

ಭೇಟಿ ಇಳಿಯುವುದು ಒಳ್ಳೆಯ ಲಕ್ಷಣವೂ ಆಗಬಹುದು. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಹೇಳಿದರು. ನಾಲ್ಕನೆಯದು, ಓದುಗರ ಸಮಯ ಉಳಿಸಿ ಎಂದು. ಪುಸ್ತಕದ ಪೆಟ್ಟಿಗೆ ತರಗತಿಗೇ ಬಂದರೆ ಕೋಣೆಗೆ ಹೋಗುವವರು ಕಡಿಮೆಯಾಗುವುದು ಸಹಜ. ಜೊತೆಗೆ 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಉಚಿತ ಸದಸ್ಯತ್ವವಿದೆ. ನಿಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಅಲ್ಲಿ ಹೆಸರು ಬರೆಸಿದ್ದಾರೆ, ಕೈ ಎತ್ತಿಸಿ ನೋಡಿ. ಆ ಓದು ನಿಮ್ಮ ರಜಿಸ್ಟರಿಗೆ ಬರುವುದೇ ಇಲ್ಲ.

ಹಾಗಾದರೆ ಓದನ್ನು ಅಳೆಯುವುದು ಹೇಗೆ? ಪುಸ್ತಕದ ಹಿಂಬದಿಯ ಒಳರಟ್ಟಿಗೆ ತಾರೀಖಿನ ಚೀಟಿ ಅಂಟಿಸಿ. ಕೊಟ್ಟ ದಿನ, ಮರಳಿದ ದಿನ ಎರಡನ್ನೂ ಬರೆಯಿರಿ. 120 ಪುಟದ ಪುಸ್ತಕ ಮರುದಿನವೇ ಬಂದರೆ ಬಹಳ ಮಟ್ಟಿಗೆ ಓದಿಲ್ಲ. ತಿಂಗಳಾದರೂ ಬಾರದಿದ್ದರೆ ಚೀಲದ ತಳದಲ್ಲಿದೆ. ಆರರಿಂದ ಹದಿನಾಲ್ಕು ದಿನದಲ್ಲಿ ಬಂದದ್ದರ ಮೇಲೆ ಕಣ್ಣಿಡಿ. ಅದೇ ಪುಸ್ತಕವನ್ನು ಮುಚ್ಚಿ, ಹಾಳೆಗಳ ಅಂಚನ್ನು ಬೆಳಕಿಗೆ ಹಿಡಿಯಿರಿ. ಹೆಬ್ಬೆರಳು ತಾಗಿದ ಕಡೆ ಬೂದು ಬಣ್ಣ ಹತ್ತಿರುತ್ತದೆ. ಮೊದಲ ಇಪ್ಪತ್ತು ಹಾಳೆ ಮಾಸಿ ಉಳಿದದ್ದು ಬೆಳ್ಳಗಿದ್ದರೆ, ಹಲವರು ಶುರು ಮಾಡಿ ಅಲ್ಲಿಯೇ ಬಿಟ್ಟಿದ್ದಾರೆ ಎಂದರ್ಥ. ಅಂಥ ಪುಸ್ತಕ ಮಕ್ಕಳ ಮಟ್ಟಕ್ಕೆ ಭಾರವಾಗಿರಬಹುದು, ಅಕ್ಷರ ತೀರಾ ಸಣ್ಣದಿರಬಹುದು. ದಾನವಾಗಿ ಬಂದ ದಪ್ಪ ಸಂಪುಟಗಳದ್ದು ಹೆಚ್ಚಾಗಿ ಇದೇ ಗತಿ.

ಮರಳಿಸುವಾಗ ಸಾರಾಂಶ ಬರೆಸಬೇಡಿ, ದಯವಿಟ್ಟು. ಬರೆಯುವ ಶಿಕ್ಷೆ ಇದೆ ಎಂದು ತಿಳಿದ ಮಗು ತೆಳ್ಳನೆಯ ಪುಸ್ತಕವನ್ನೇ ಹುಡುಕುತ್ತದೆ. ‘ಇದರಲ್ಲಿ ಯಾರ ಮೇಲೆ ಸಿಟ್ಟು ಬಂತು?’ ಎಂದು ಒಂದು ಮಾತು ಕೇಳಿ. ಓದಿದ ಮಗು ತಡೆಯದೆ ಹೇಳುತ್ತದೆ.

ಓದುವ ಸಾಮರ್ಥ್ಯ ಬೇರೆ, ಓದುವ ರೂಢಿ ಬೇರೆ. ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆ ಅಕ್ಷರ, ಪದ, ಒಂದನೆಯ ಮಟ್ಟದ ಪ್ಯಾರಾ, ಎರಡನೆಯ ಮಟ್ಟದ ಕಥೆ ಎಂದು ನೋಡುವುದು ಸಾಮರ್ಥ್ಯವನ್ನು. ಅದನ್ನು ನೀವೂ ನೋಡಬಹುದು: ಮಗು ಹಿಂದೆ ನೋಡಿರದ ಒಂದು ತುಣುಕು ಕೊಟ್ಟು, ಒಂದು ನಿಮಿಷದಲ್ಲಿ ತಪ್ಪಿಲ್ಲದೆ ಎಷ್ಟು ಪದ ಓದಿತು ಎಂದು ಎಣಿಸಿ, ಜೂನಿನಲ್ಲಿ ಒಮ್ಮೆ, ನವೆಂಬರಿನಲ್ಲಿ ಅಷ್ಟೇ ಕಷ್ಟದ ಇನ್ನೊಂದು ತುಣುಕಿನಲ್ಲಿ ಒಮ್ಮೆ. ಇಂಗ್ಲಿಷಿನ ನಿಮಿಷಕ್ಕೆ ಇಷ್ಟು ಪದ ಎಂಬ ಪಟ್ಟಿಯನ್ನು ಮಾತ್ರ ತರಬೇಡಿ. ‘ಓದಿಕೊಳ್ಳಬೇಕಾಗಿತ್ತು’ ಎಂಬುದು ನಮಗೆ ಒಂದೇ ಪದ, ಮೇಲೆ ಒತ್ತಕ್ಷರ ಬೇರೆ. ಮಗುವನ್ನು ಅದರ ಹಿಂದಿನ ಓದಿಗೇ ಹೋಲಿಸಿ.

ಇನ್ನು ಕಪಾಟಿನ ವಿಷಯ. ಹೈಸ್ಕೂಲಿನ ಮಕ್ಕಳಿಗೆ ಬೆನ್ನಿನ ಮೇಲಿನ 894.814 ಎಂಬ ಅಂಕಿಯಿಂದ ಏನೂ ತಿಳಿಯದು. ಅದು ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ ಎಂಬುದು ನಿಮಗೆ ಗೊತ್ತಿದ್ದರೆ ಸಾಕು. ಕಥೆಗೆ ಕೆಂಪು, ವಿಜ್ಞಾನಕ್ಕೆ ಹಸಿರು, ಜೀವನಚರಿತ್ರೆಗೆ ಹಳದಿ ಚೀಟಿ ಹಚ್ಚಿ. ಪ್ರತಿ ತರಗತಿಗೆ 40 ಪುಸ್ತಕದ ಒಂದು ಪೆಟ್ಟಿಗೆ, ತಿಂಗಳಿಗೊಮ್ಮೆ ಅದಲುಬದಲು, ಶನಿವಾರ ಮರಳಿಸುವ ದಿನ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಮಳೆಗಾಲದಲ್ಲಿ ಥಂಡಿ ಹಿಡಿದ ಗೋಡೆಯಿಂದ ಗೆದ್ದಲು ಹತ್ತಬಹುದು.

ನಿಮ್ಮ ನಿಜವಾದ ಅಂಜಿಕೆ ಪತ್ರದ ಕೊನೆಯ ಸಾಲಿನಲ್ಲಿದೆ: ಪುಸ್ತಕ ಕಳೆದರೆ ಚಾರ್ಜ್ ಕೊಡುವಾಗ ನಿಮ್ಮ ತಲೆಗೆ ಬರುತ್ತದೆ ಎಂದು. ಅದು ಸುಳ್ಳಲ್ಲ. ಬಹಳ ಶಾಲೆಗಳಲ್ಲಿ ಕಪಾಟಿಗೆ ಕೀಲಿ ಬಿದ್ದಿರುವುದೇ ಇದಕ್ಕೆ. ಕಳೆದದ್ದು, ಹರಿದದ್ದನ್ನು ವರ್ಷಾಂತ್ಯದವರೆಗೆ ಕೂಡಿಡದೆ ಮೂರು ತಿಂಗಳಿಗೊಮ್ಮೆ ಪಟ್ಟಿ ಮಾಡಿ, ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ಮುಂದಿಡಿ. ಒಂದೂ ಕಳೆಯದ ಗ್ರಂಥಾಲಯದ ಬಗ್ಗೆ ನಮಗಂತೂ ಅನುಮಾನವೇ.

ಭೇಟಿ ರಜಿಸ್ಟರ್ ನಿಲ್ಲಿಸಬೇಡಿ. ಅದರಲ್ಲಿ ಇನ್ನೊಂದು ಕಾಲಂ ಗೆರೆ ಹೊಡೆದು, ಅಂದು ಕೋಣೆ ಎಷ್ಟು ಗಂಟೆಗೆ ತೆರೆಯಿತು, ಎಷ್ಟಕ್ಕೆ ಮುಚ್ಚಿತು ಎಂದು ನೀವೇ ಬರೆಯಿರಿ.