ಡಮ್ಮಿಗೆ ವಯಸ್ಸಾಗುವುದಿಲ್ಲ

ಪ್ರಶ್ನೆ: ನನಗೆ 72. ಮೂಡಿಗೆರೆ ಹತ್ತಿರ ಕಾಫಿ ತೋಟ. ವಾರಕ್ಕೆರಡು ಸಲ ಚಿಕ್ಕಮಗಳೂರಿಗೆ ನಾನೇ ಕಾರು ಓಡಿಸಿಕೊಂಡು ಹೋಗಿಬರುತ್ತೇನೆ. ಹೊಸ ಕಾರಿಗೆ 5 ಸ್ಟಾರ್ ಇದೆ, ಏನೂ ಆಗಲ್ಲ ಅಂತಾನೆ ಮಗ. ಗುದ್ದಿಸಿ ನೋಡುವಾಗ ಒಳಗೆ ಕೂರಿಸುವ ಡಮ್ಮಿ ಬೊಂಬೆ ನನ್ನಂಥ ಮುದುಕನದ್ದೇ? ಬೆಲ್ಟ್ ಎದೆ ಒತ್ತುತ್ತದೆ, ಹಾಕಲೇಬೇಕಾ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಅಲ್ಲ ಸಾರ್. ಕಾರಿನ ಸುರಕ್ಷತೆ ಪರೀಕ್ಷಿಸಿ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್‌ನವರು ಗಂಟೆಗೆ 64 ಕಿ.ಮೀ. ವೇಗದಲ್ಲಿ ಕಾರಿನ ಮುಂಭಾಗವನ್ನು ಗುದ್ದಿಸುವಾಗ ಮುಂದಿನ ಎರಡೂ ಸೀಟಿನಲ್ಲಿ ಕೂರುವುದು ಹೈಬ್ರಿಡ್ 3 ಎಂಬ ಡಮ್ಮಿ, ಸುಮಾರು 78 ಕೆ.ಜಿ. ತೂಕದ ಮಧ್ಯಮ ಮೈಕಟ್ಟಿನ ಗಂಡಸು. 1976ರಲ್ಲಿ ಜನರಲ್ ಮೋಟರ್ಸ್ ರೂಪಿಸಿದ ಈ ಆಸಾಮಿಗೆ ಇವತ್ತಿಗೂ ಒಂದು ಕೂದಲು ನರೆತಿಲ್ಲ.

ಅವನ ಪಕ್ಕೆಲುಬೆಂದರೆ ಉಕ್ಕಿನ ಆರು ಪಟ್ಟಿ. ಬೆಲ್ಟ್ ಅದುಮಿದಾಗ ಬಾಗಿ, ಮತ್ತೆ ಮೊದಲಿನಂತಾಗುತ್ತವೆ. ಮುಂದಿನ ಕಾರಿಗೂ ಅವನೇ ಬೇಕಲ್ಲ! ಎದೆ ಎಷ್ಟು ಮಿ.ಮೀ. ಕುಗ್ಗಿತು ಎಂದು ಅಳೆದು ಅಂಕ ಕೊಡುತ್ತಾರೆ. ಅಷ್ಟೇ ಕುಗ್ಗಿದರೂ ಮೂವತ್ತರ ಹುಡುಗ ನೋವು ತಿಂದು ಎದ್ದಾನು, ನಿಮ್ಮದು ಮುರಿದೀತು. ಹಸಿ ಬಿದಿರಿನ ದಬ್ಬೆ ಬಾಗುತ್ತದೆ, ಅಟ್ಟದ ಮೇಲೆ ಒಣಗಿದ್ದು ಲಟಕ್ಕೆನ್ನುತ್ತದೆ. ವಯಸ್ಸಾದಂತೆ ಪಕ್ಕೆಲುಬಿನ ಗಟ್ಟಿ ಹೊರಪದರ ತೆಳುವಾಗುತ್ತದೆ, ಎದೆಗೂಡಿನ ಆಕಾರವೂ ಬದಲಾಗುತ್ತದೆ. ಮುರಿದ ಮೇಲಿನ ಕಥೆ ಇನ್ನೂ ಕಷ್ಟ: ಉಸಿರೆಳೆದರೆ ನೋವು, ಕೆಮ್ಮಲು ಭಯ, ಕಫ ಕಟ್ಟಿ ನ್ಯುಮೋನಿಯಾ.

ಅಮೆರಿಕದ ಹ್ಯೂಮನೆಟಿಕ್ಸ್ ಕಂಪನಿ 70 ವರ್ಷದ ಹೆಂಗಸಿನ ಡಮ್ಮಿ ಮಾಡಿದೆ: 161 ಸೆಂ.ಮೀ. ಎತ್ತರ, 73 ಕೆ.ಜಿ. ತೂಕ, 3ಡಿ ಪ್ರಿಂಟರ್‌ನಲ್ಲಿ ತೆಗೆದ ಬಿಡಿಭಾಗಗಳು. ಮೈ ತುಂಬಿಕೊಂಡ ಅಜ್ಜಿ. ನನ್ನನ್ನು ಕೇಳಿದರೆ ಆ ಹೊಟ್ಟೆಯೇ ದೊಡ್ಡ ಸುಧಾರಣೆ. ಹೊಟ್ಟೆ ಇದ್ದವರಲ್ಲಿ ಕೆಳಗಿನ ಬೆಲ್ಟ್ ಸೊಂಟದ ಮೂಳೆ ಬಿಟ್ಟು ಮೇಲೇರಿ ಕೂರುತ್ತದೆ. ತೆಳ್ಳನೆಯ ಡಮ್ಮಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ನಮ್ಮ ಸ್ಟಾರ್ ಪರೀಕ್ಷೆಗೆ ಮಾತ್ರ ಈ ಅಜ್ಜಿ ಬಂದಿಲ್ಲ.

ಹಾಗಂತ ಬೆಲ್ಟ್ ಬಿಟ್ಟೀರಿ, ಜೋಕೆ! ಅದಿಲ್ಲದಿದ್ದರೆ ಎದೆ ನೇರ ಸ್ಟೀರಿಂಗಿಗೆ. ಒತ್ತುತ್ತದೆಂದು ಕ್ಲಿಪ್ ಹಾಕಿ ಸಡಿಲ ಮಾಡಲೂಬೇಡಿ. ಭುಜದ ಪಕ್ಕದ ಕೊಂಡಿ ಏರಿಸಿ-ಇಳಿಸಿ ಬೆಲ್ಟ್ ಭುಜದ ನಡುವೆ ಬರುವಂತೆ ಮಾಡಿಕೊಳ್ಳಿ. ಬೆಲ್ಟಿಗೆ ಲೋಡ್ ಲಿಮಿಟರ್ ಇದೆಯೇ ಎಂದು ಶೋರೂಮಿನಲ್ಲಿ ವಿಚಾರಿಸಿ. ಎದೆಯ ಮೇಲಿನ ಒತ್ತಡ ಮಿತಿ ಮೀರಿದರೆ ಅದು ಬೆಲ್ಟನ್ನು ತುಸು ಬಿಟ್ಟುಕೊಡುತ್ತದೆ. ಎದೆಗೂ ಸ್ಟೀರಿಂಗಿಗೂ ನಡುವೆ ಒಂದು ಗೇಣು, ಮೇಲೆ ಎರಡು ಬೆರಳು ಜಾಗವಿರಲಿ, ಏರ್‌ಬ್ಯಾಗ್ ಅರಳಬೇಕಲ್ಲ.

ಮೂಡಿಗೆರೆ ಚಳಿಗೆ ಸ್ವೆಟರ್ ಮೇಲೆ ಜರ್ಕಿನ್ ಹಾಕುವವರು ನೀವು. ಕಾರು ಹತ್ತಿದ ಮೇಲೆ ಜರ್ಕಿನ್ ಬಿಚ್ಚಿ, ಆಮೇಲೆ ಬೆಲ್ಟ್ ಹಾಕಿ. ಅಂಗಿ ಜೇಬಿನಲ್ಲಿ ಎಲೆಅಡಿಕೆ ಡಬ್ಬಿಯಿದ್ದರೆ ಬೆಲ್ಟ್ ಅದನ್ನೇ ಪಕ್ಕೆಲುಬಿಗೆ ಒತ್ತೀತು. ಡಬ್ಬಿ ಡ್ಯಾಶ್‌ಬೋರ್ಡಿನ ಗೂಡಿನೊಳಗಿರಲಿ.