ಮುಚ್ಚಿಟ್ಟದ್ದು ನಿಜ, ಆದರೆ ಏನನ್ನು?

ನಮಸ್ಕಾರ.

ಅಮೆರಿಕದ ಬೇಹು ಸಂಸ್ಥೆ ಸಿಐಎ ಮತ್ತು ಹಾರುವ ತಟ್ಟೆಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾಗದು. ಹಾಗಂತ ಕೈಬಿಡಬೇಡಿ, ವಿಷಯ ಗಟ್ಟಿಯಾಗಿದೆ.

ಸರ್ಕಾರ ಸುಳ್ಳು ಹೇಳಿತು, ಆದ್ದರಿಂದ ಅನ್ಯಗ್ರಹದವರು ಬಂದಿದ್ದರು ಎಂಬುದು ನಿಮ್ಮ ವಾದ. ಮೊದಲರ್ಧಕ್ಕೆ ನೀವು ಕೊಟ್ಟಿದ್ದಕ್ಕಿಂತ ಹೆಚ್ಚೇ ಪುರಾವೆ ಇದೆ. ಎರಡನೆಯದಕ್ಕೆ ನಿಮ್ಮ ಲೇಖನದಲ್ಲಿ ಒಂದೂ ಇಲ್ಲ. 1947ರಲ್ಲಿ ಅಮೆರಿಕದ ರಾಸ್‌ವೆಲ್ ಪಟ್ಟಣದ ಬಳಿ ಬಿದ್ದದ್ದು ಹವಾಮಾನದ ಬಲೂನು ಎಂದು ಸೇನೆಯವರು ಹೇಳಿದರು. ಅದು ಸೋವಿಯತ್ ಅಣುಪರೀಕ್ಷೆಯ ಸದ್ದನ್ನು ಆಲಿಸಲು ಹಾರಿಸಿದ ರಹಸ್ಯ 'ಮೊಗಲ್' ಯೋಜನೆಯ ಬಲೂನು ಎಂದು ವಾಯುಪಡೆ ಹೇಳಿದ್ದು 1994ರಲ್ಲಿ. ನಡುವೆ 47 ವರ್ಷ. ಜನ ಅನುಮಾನಿಸದೆ ಇನ್ನೇನು ಮಾಡಿಯಾರು?

ಯು-2 ಬೇಹುಗಾರಿಕೆ ವಿಮಾನಕ್ಕೆ ನೀವು ಎರಡೇ ಸಾಲು ಕೊಟ್ಟಿದ್ದೀರಿ. ಲೇಖನದ ಜೀವ ಅಲ್ಲೇ ಇದೆ. 1955ರಲ್ಲಿ ಅದು ಹಾರತೊಡಗಿದಾಗ ಪ್ರಯಾಣಿಕ ವಿಮಾನಗಳು ಹೆಚ್ಚಾಗಿ 10,000ದಿಂದ 20,000 ಅಡಿಯಲ್ಲಿದ್ದವು. ಇದು 60,000 ಅಡಿಗೂ ಮೇಲೆ. ಮುಸ್ಸಂಜೆ ಕೆಳಗಿನ ಪೈಲಟ್‌ಗೆ ಸೂರ್ಯ ಮುಳುಗಿ ಕತ್ತಲಾಗಿದೆ, ಅಷ್ಟು ಎತ್ತರದಲ್ಲಿ ಮಾತ್ರ ಇನ್ನೂ ಬಿಸಿಲಿದೆ. ಬಣ್ಣ ಬಳಿಯದ ಬೆಳ್ಳಿಯಂಥ ರೆಕ್ಕೆಗೆ ಆ ಬಿಸಿಲು ತಾಗಿದರೆ ಅವನಿಗೆ ಕಾಣುವುದು ನೆತ್ತಿಯ ಮೇಲೊಂದು ಬೆಂಕಿಯ ಚುಕ್ಕೆ. ಅವನು ಸುಳ್ಳು ಹೇಳಲಿಲ್ಲ. ಗುಟ್ಟು ಕಾಯಬೇಕಿದ್ದವರು ಹಿಮದ ಹರಳು, ಗಾಳಿಯ ಉಷ್ಣತೆಯ ಏರುಪೇರು ಎಂದು ಸಬೂಬು ಹೇಳಿದರು.

ಐವತ್ತರ ದಶಕದ ಕೊನೆಯಿಂದ ಅರವತ್ತರ ದಶಕದವರೆಗಿನ ಹಾರುವ ತಟ್ಟೆಯ ವರದಿಗಳಲ್ಲಿ ಅರ್ಧಕ್ಕೂ ಹೆಚ್ಚು ಇಂಥ ಬೇಹು ವಿಮಾನಗಳವೇ ಎಂದು ಸಿಐಎ ನಿಯತಕಾಲಿಕೆಯಲ್ಲಿ 1997ರಲ್ಲಿ ಬಂದ ಇತಿಹಾಸಕಾರ ಜೆರಾಲ್ಡ್ ಹೇನ್ಸ್ ಅಧ್ಯಯನ ಹೇಳುತ್ತದೆ. ಇದನ್ನೂ ಕಣ್ಣುಮುಚ್ಚಿ ಎತ್ತಿಕೊಳ್ಳಬೇಡಿ. ಯಾವ ದಿನದ ವರದಿ ಯಾವ ಹಾರಾಟಕ್ಕೆ ತಾಳೆಯಾಗುತ್ತದೆಂಬ ಪಟ್ಟಿ ಅದರಲ್ಲಿಲ್ಲ. ಅನುಮಾನವೆಂದರೆ ಎರಡೂ ಕಡೆಗೆ ಒಂದೇ ತಕ್ಕಡಿ.

ಒಂದು ದೊಡ್ಡ ತಪ್ಪು: ಹಾರುವ ತಟ್ಟೆಯ ವರದಿಗಳನ್ನು ತನಿಖೆ ಮಾಡಿದ ವಾಯುಪಡೆಯ 'ಬ್ಲೂ ಬುಕ್' ಯೋಜನೆಯಲ್ಲಿ 12,618 ಪ್ರಕರಣ ಬಗೆಹರಿಯಲಿಲ್ಲ ಎಂದಿದ್ದೀರಿ. ಅದು ಒಟ್ಟು ಸಂಖ್ಯೆ. ಗುರುತಾಗದೆ ಉಳಿದವು 701. 'ಗುರುತಾಗಲಿಲ್ಲ' ಎಂಬುದನ್ನು ಮುಂದಿನ ಪ್ಯಾರಾದಲ್ಲೇ 'ಬಾಹ್ಯಾಕಾಶದ ನೌಕೆ' ಮಾಡಿಬಿಟ್ಟಿದ್ದೀರಿ, ಅದೂ ಹೋಗಬೇಕು.

ಗುಟ್ಟಿನ ಭಾಗಗಳಿಗೆ ಕಪ್ಪು ಬಳಿದು ಬಿಡುಗಡೆ ಮಾಡಿದ ಸರ್ಕಾರಿ ಪುಟದ ಚಿತ್ರ ಹಾಕಿ ಸುಮ್ಮನಾಗಬೇಡಿ. ಅಂಥ ಕಡತಗಳಲ್ಲಿ ಕಪ್ಪು ಪಟ್ಟಿಯ ಪಕ್ಕ ಸಾಮಾನ್ಯವಾಗಿ ಏಕೆ ಮುಚ್ಚಿದರೆಂದು ತಿಳಿಸುವ ಒಂದು ಸಂಕೇತ ಇರುತ್ತದೆ, ಓದಿ. ಬಿ-1 ಎಂದರೆ ರಾಷ್ಟ್ರೀಯ ಭದ್ರತೆ, ಬಿ-3 ಎಂದರೆ ಬೇರೊಂದು ಕಾನೂನಿನ ರಕ್ಷಣೆ. ಬೇಹು ಸಂಸ್ಥೆಗಳ ವಿಷಯದಲ್ಲಿ ಅದು ಹೆಚ್ಚಾಗಿ ಮಾಹಿತಿಯ ಮೂಲವನ್ನೂ ಸಂಗ್ರಹಿಸಿದ ವಿಧಾನವನ್ನೂ ಕಾಯುತ್ತದೆ. ಜೊತೆಗೆ ಕಡತದ ತಾರೀಕು, ಯಾರು ಯಾರಿಗೆ ಬರೆದದ್ದು, ಎಷ್ಟು ಪುಟ ಕಾಣೆ ಎಂಬುದನ್ನು ಬರೆಯಿರಿ.

ಆರಂಭವನ್ನು 1953ರ ಜನವರಿಗೆ ಒಯ್ಯಿರಿ. ಸಿಐಎ ಕರೆಸಿದ ವಿಜ್ಞಾನಿಗಳ ರಾಬರ್ಟ್‌ಸನ್ ಸಮಿತಿ ಹೆದರಿದ್ದು ತಟ್ಟೆಗಳಿಗಲ್ಲ. ಸುಳ್ಳು ವರದಿಗಳು ನುಗ್ಗಿ ಬಂದು ನಿಜವಾದ ದಾಳಿಯ ಸುದ್ದಿ ತಲುಪದೆ ಹೋದೀತೆಂದು. ಜನರ ಕುತೂಹಲ ತಗ್ಗಿಸಬೇಕು, ತಟ್ಟೆಗಳ ಬೆನ್ನುಹತ್ತಿದ ಖಾಸಗಿ ಸಂಘಗಳ ಮೇಲೆ ಕಣ್ಣಿಡಬೇಕು ಎಂದು ಅದು ಸಲಹೆ ಕೊಟ್ಟಿತು. ಅಲ್ಲಿಂದ ಹಿಡಿದು ಯು-2ವರೆಗೆ ಬರೆದು ಮತ್ತೆ ಕಳಿಸಿ. ಶೀರ್ಷಿಕೆಯ ಮೂರು ಆಶ್ಚರ್ಯಸೂಚಕಗಳನ್ನು ತೆಗೆಯಿರಿ.