ಟ್ರಯಂಫ್ ಟಿಆರ್6 ಹಿಂದಿನ ಶಾಫ್ಟ್‌ಗೆ ಯಾವ ಕ್ರಾಸ್ ಒಳ್ಳೆಯದು, ನಿಪ್ಪಲ್ ಇರುವುದಾ ಸೀಲ್ ಆಗಿರುವುದಾ?

ನಮಸ್ಕಾರ. 1972ರ ಟಿಆರ್6 (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಪೂರ್ತಿ ಬಿಚ್ಚಿದ್ದೀರಿ, ಹಿಂಚಕ್ರಗಳನ್ನು ತಿರುಗಿಸುವ ಎರಡೂ ಶಾಫ್ಟ್‌ಗಳ ಕ್ರಾಸ್ ಬೇರಿಂಗ್ (ಶಾಫ್ಟ್ ಬಾಗಿದರೂ ತಿರುಗಲು ಬಿಡುವ ಕೂಡು ಚಿಹ್ನೆಯಾಕಾರದ ಕೀಲು) ಸವೆದಿವೆ. ಗ್ರೀಸ್ ನಿಪ್ಪಲ್ (ಹೊರಗಿನಿಂದ ಗ್ರೀಸ್ ತುಂಬುವ ಮೂತಿ) ಇರುವುದು ಹಾಕಲಾ, ಸೀಲ್ ಆಗಿರುವುದು ಹಾಕಲಾ, ಬೆಲೆಯಲ್ಲಿ ಅಷ್ಟೊಂದು ವ್ಯತ್ಯಾಸ ಯಾಕೆ ಎಂದು ಕೇಳಿದ್ದೀರಿ. ನಾನಿರುವುದು ಈ ಗಾಡಿ ಹುಟ್ಟಿದ ಕವೆಂಟ್ರಿಯಲ್ಲೇ. ನನ್ನದು 1971ರದು. ಈ ಕೆಲಸ ಎರಡು ಸಲ ಮಾಡಿದ್ದೇನೆ. ಎರಡನೇ ಸಲ ಬಿಚ್ಚಬೇಕಾಗಿ ಬಂದದ್ದು ಯಾಕೆ ಗೊತ್ತಾ? ಮೊದಲ ಸಲ ಬೇರಿಂಗ್ ಮಾತ್ರ ನೋಡಿದೆ, ಅದು ಕೂರುವ ಯೋಕ್ (ಶಾಫ್ಟ್ ತುದಿಯ ಕವಲು) ನೋಡಲಿಲ್ಲ.

ಅಲ್ಲಿಂದಲೇ ಶುರು ಮಾಡುತ್ತೇನೆ. ಹಳೆಯ ಕ್ರಾಸ್ ತೆಗೆದ ಮೇಲೆ ಯೋಕ್‌ನ ತೂತುಗಳನ್ನು ಚೆನ್ನಾಗಿ ಒರೆಸಿ. ಹೊಸ ಕಪ್ (ಕ್ರಾಸ್‌ನ ಪ್ರತಿ ಕಾಲಿನ ಮೇಲೆ ಕೂರುವ, ಒಳಗೆ ಸೂಜಿಯಂಥ ಸಣ್ಣ ರೋಲರ್‌ಗಳಿರುವ ಟೋಪಿ) ಒಂದನ್ನು ಕೈಯಲ್ಲಿ ಹಿಡಿದು ಒಳಗೆ ತಳ್ಳಿ ನೋಡಿ. ಬೆರಳಿನ ಒತ್ತಡಕ್ಕೆ ಸಲೀಸಾಗಿ ಒಳಗೆ ಹೋಯಿತು ಅಂದರೆ ಆ ಯೋಕ್ ಮುಗಿದ ಹಾಗೆ. ಕಪ್ ಬಿಗಿಯಾಗಿ ಕೂರಬೇಕು, ವೈಸ್‌ನಲ್ಲಿ ಇಟ್ಟು ಒತ್ತಿಯೇ ಹಾಕಬೇಕು. ನನ್ನ ಬಲಗಡೆಯ ಶಾಫ್ಟ್‌ನಲ್ಲಿ ಒಂದು ತೂತು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಕಣ್ಣಿಗೆ ಕಾಣಲೇ ಇಲ್ಲ. ಒಂದು ಬೇಸಿಗೆ ಓಡಿಸುವಷ್ಟರಲ್ಲಿ ಹೊಸ ಕ್ರಾಸ್ ಟಕ್ ಟಕ್ ಅನ್ನತೊಡಗಿತು. ತೆಗೆದು ನೋಡಿದರೆ ಕಪ್ ಹೊರಮೈಯೇ ಉಜ್ಜಿ ಹೊಳೆಯುತ್ತಿತ್ತು, ಒಳಗಿನ ಸೂಜಿಗಳು ಚೆನ್ನಾಗೇ ಇದ್ದವು.

ಇನ್ನು ಅಳತೆ. ವರ್ನಿಯರ್‌ನಲ್ಲಿ ಎರಡು ಅಳತೆ ತೆಗೆಯಿರಿ: ಕಪ್‌ನ ವ್ಯಾಸ, ಮತ್ತು ಕ್ರಾಸ್‌ನ ಎದುರುಬದುರು ಕಪ್‌ಗಳ ಹೊರತುದಿಯಿಂದ ಹೊರತುದಿಗೆ ಇರುವ ದೂರ. ಐವತ್ತು ವರ್ಷದ ಗಾಡಿ ಎಷ್ಟು ಕೈ ದಾಟಿದೆಯೋ, ಯಾರು ಯಾವ ಶಾಫ್ಟ್ ಹಾಕಿದ್ದಾರೋ. ಪಟ್ಟಿಯಲ್ಲಿ ಗಾಡಿಯ ಹೆಸರು ನೋಡಿ ಆರ್ಡರ್ ಮಾಡಬೇಡಿ, ನಿಮ್ಮ ಕೈಯಲ್ಲಿರುವ ಅಳತೆ ನಂಬಿ.

ಈಗ ನಿಮ್ಮ ಪ್ರಶ್ನೆ. ನಿಪ್ಪಲ್ ಇರುವ ಕ್ರಾಸ್‌ಗೆ ಗ್ರೀಸ್ ಹೋಗಲು ಒಳಗೆ ತೂತು ಕೊರೆದಿರುತ್ತಾರೆ, ಅಷ್ಟು ಶಕ್ತಿ ಕಡಿಮೆ. ಸೀಲ್ ಆಗಿರುವುದು ಗಟ್ಟಿ, ಆದರೆ ಒಳಗೆ ನೀರು ಹೋದರೆ ಹೊರಗೆ ಹಾಕುವ ದಾರಿ ಇಲ್ಲ. ಪೆಟ್ರೋಲ್ ಇಂಜೆಕ್ಷನ್ ಇರುವ ಆ ವರ್ಷಗಳ ಟಿಆರ್6ಗೆ ಕಂಪನಿಯೇ ಹೇಳಿದ್ದು 150 ಕುದುರೆ ಶಕ್ತಿ. ರೇಸ್‌ಗೆ ಹೋಗದಿದ್ದರೆ ಆ ತೂತಿನಿಂದ ಕ್ರಾಸ್ ಮುರಿಯುವುದಿಲ್ಲ. ಈ ಗಾಡಿಗಳ ಕ್ರಾಸ್ ಹಾಳಾಗುವುದು ಜಾಸ್ತಿ ನೀರಿನಿಂದ, ಮತ್ತೆ ಚಳಿಗಾಲವಿಡೀ ಸುಮ್ನೆ ನಿಂತಿರುವುದರಿಂದ. ನಾನು ಬಿಚ್ಚಿದ ಹಳೆಯ ಕಪ್ ಒಂದರಲ್ಲಿ ಗ್ರೀಸ್ ಇರಲೇ ಇಲ್ಲ. ಒಣಗಿದ ಕೆಂಪು ಪುಡಿ, ಥೇಟ್ ಇಟ್ಟಿಗೆ ಪುಡಿಯ ಹಾಗೆ. ಕ್ರಾಸ್‌ನ ಕಾಲಿನ ಮೇಲೆ ಸೂಜಿಗಳು ಒತ್ತಿ ಸಣ್ಣ ಸಣ್ಣ ಗೆರೆ ಬಿದ್ದಿದ್ದವು, ಉಗುರಿಗೆ ತಡೆಯುತ್ತಿದ್ದವು. ಅದಕ್ಕೇ ನನ್ನ ಮಾತು: ವರ್ಷಕ್ಕೆರಡು ಸಲ ಗಾಡಿ ಕೆಳಗೆ ಹೋಗಿ ಗ್ರೀಸ್ ಗನ್ ಹಿಡಿಯುವವರಾದರೆ ನಿಪ್ಪಲ್ ಇರುವುದೇ ಹಾಕಿ. ಹೊಸ ಗ್ರೀಸ್ ಹೊಡೆದಾಗ ನಾಲ್ಕೂ ಸೀಲ್‌ಗಳ ಅಂಚಿನಲ್ಲಿ ಹಳೆಯದು ಹೊರಬರಬೇಕು. ಅಷ್ಟು ಸಮಯ ಇಲ್ಲ ಅನ್ನುವವರು ಸೀಲ್ ಆಗಿರುವುದೇ ಹಾಕಲಿ. ನಿಪ್ಪಲ್ ಹಾಕಿಸಿ ಗ್ರೀಸ್ ಹೊಡೆಯದೇ ಬಿಡುವುದಕ್ಕಿಂತ ಅದು ಎಷ್ಟೋ ವಾಸಿ. ನಿಪ್ಪಲ್ ಯಾವ ಕಡೆ ಮುಖ ಮಾಡಿದೆ, ಗನ್ ಮೂತಿ ಅಲ್ಲಿಗೆ ಹೋಗುತ್ತಾ ಎಂದು ಕಪ್ ಒತ್ತುವ ಮೊದಲೇ ನೋಡಿಕೊಳ್ಳಿ.

ಬೆಲೆಯ ವ್ಯತ್ಯಾಸ ಇರುವುದು ಉಕ್ಕಿನ ಹದದಲ್ಲಿ, ಗ್ರೈಂಡಿಂಗ್‌ನಲ್ಲಿ ಮತ್ತು ಸೀಲ್‌ನಲ್ಲಿ. ಆ ಕಾಲದ ಇಂಗ್ಲಿಷ್ ಗಾಡಿಗಳಿಗೆ ಬಹಳಷ್ಟು ಬಂದದ್ದು ಹಾರ್ಡಿ ಸ್ಪೈಸರ್ ಕಂಪನಿಯ ಕ್ರಾಸ್‌ಗಳು. ಅವುಗಳ ಹಳೆಯ ಸ್ಟಾಕ್ ಸಿಕ್ಕರೆ ಉಕ್ಕು ಚೆನ್ನಾಗಿರುತ್ತದೆ, ಸೀಲ್ ಮಾತ್ರ ಒಣಗಿರಬಹುದು, ನೋಡಿ ತಗೊಳ್ಳಿ. ಅಗ್ಗದ್ದು ಎದುರಿಗೆ ಬಂದರೆ ನಾಲ್ಕೂ ಕಪ್ ತೆಗೆದು ಸೂಜಿ ಎಣಿಸಿ. ನಾನು ತರಿಸಿದ ಒಂದು ಡಬ್ಬಿಯಲ್ಲಿ ಒಂದು ಕಪ್‌ಗೆ ಒಂದು ಸೂಜಿ ಕಡಿಮೆ ಇತ್ತು. ವಾಪಸ್ ಕಳಿಸಿದೆ.

ಹಾಕುವಾಗ ಸೂಜಿಗಳನ್ನು ಗ್ರೀಸ್‌ನಲ್ಲಿ ಅಂಟಿಸಿ ನಿಲ್ಲಿಸಿ. ಒಂದು ಸೂಜಿ ಕಪ್‌ನ ತಳಕ್ಕೆ ಅಡ್ಡ ಬಿದ್ದರೂ ಸರ್ಕ್ಲಿಪ್ (ಕಪ್ ಹೊರಬರದಂತೆ ತಡೆಯುವ ಸ್ಪ್ರಿಂಗ್ ಉಂಗುರ) ತನ್ನ ತೋಡಿನಲ್ಲಿ ಕೂರುವುದಿಲ್ಲ. ಆಗ ಸುತ್ತಿಗೆ ಎತ್ತಬೇಡಿ, ಕಪ್ ಹೊರಗೆ ತೆಗೆಯಿರಿ. ಎಲ್ಲ ಮುಗಿದ ಮೇಲೆ ಕ್ರಾಸ್ ಎಲ್ಲ ಕಡೆಗೂ ಒಂದೇ ಸಮನಾಗಿ, ಸ್ವಲ್ಪ ಬಿಗುವಾಗಿ ತಿರುಗಬೇಕು. ಎಲ್ಲಾದರೂ ಹಿಡಿದುಕೊಂಡರೆ ಯೋಕ್‌ನ ಕಿವಿಗೆ ತಾಮ್ರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಸಡಿಲವಾಗುತ್ತದೆ.

ನೀವು ಕೇಳದ ಒಂದು ವಿಷಯ, ಆದರೆ ಹೇಳಲೇಬೇಕು. ಟಿಆರ್6 ಶಾಫ್ಟ್ ನಡುವೆ ಜಾರುವ ಸ್ಪ್ಲೈನ್ (ಒಂದರೊಳಗೊಂದು ಕೂತು ಉದ್ದಕ್ಕೆ ಜಾರುವ ಹಲ್ಲುಗಳ ಜೋಡಣೆ) ಇದೆ. ಅದನ್ನು ಎಳೆಯುವ ಮೊದಲು ಎರಡೂ ತುಂಡಿನ ಮೇಲೆ ಪಂಚ್‌ನಿಂದ ಗುರುತು ಹಾಕಿ. ಎರಡು ತುದಿಯ ಯೋಕ್‌ಗಳು ಒಂದೇ ನೇರದಲ್ಲಿ ಇರಬೇಕು. ಕ್ರಾಸ್ 10 ಡಿಗ್ರಿ ಬಾಗಿದ್ದಾಗ ಆಚೆ ತುದಿಯ ವೇಗ ಪ್ರತಿ ಸುತ್ತಿಗೆ ಎರಡು ಸಲ ಸುಮಾರು 1.5 ಶೇಕಡಾ ಏರಿ ಇಳಿಯುತ್ತದೆ. ಒಂದು ಕ್ರಾಸ್ ಮಾಡಿದ್ದನ್ನು ಇನ್ನೊಂದು ಸರಿ ಮಾಡುವುದು ಯೋಕ್‌ಗಳು ನೇರವಾಗಿದ್ದರೆ ಮಾತ್ರ. ಜೊತೆಗೆ ಸ್ಪ್ಲೈನ್ ಸವೆದು ಗೀರು ಬಿದ್ದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಹಿಡಿದುಕೊಳ್ಳುತ್ತದೆ, ಬಿಟ್ಟಾಗ ಪಟ್ ಅಂತ ಬಿಡುತ್ತದೆ. ತಿರುವಿನ ಮಧ್ಯೆ ಗಾಡಿಯ ಹಿಂಭಾಗ ಅಲುಗಿದ ಅನುಭವ ಆಗಿರಬೇಕಲ್ವಾ? ಅದು ಇದೇ. ಸ್ಪ್ಲೈನ್ ಹೋಗಿದ್ದರೆ ಎಷ್ಟು ಒಳ್ಳೆಯ ಕ್ರಾಸ್ ಹಾಕಿದರೂ ಆ ಅಲುಗಾಟ ಹೋಗುವುದಿಲ್ಲ, ಶಾಫ್ಟೇ ಬದಲಿಸಿ.

ಚಕ್ರದ ಕಡೆಯ ಹಬ್ ಬೇರಿಂಗ್ ಮನೆಯಲ್ಲಿ ಬಿಚ್ಚಬೇಡಿ. ಹಬ್ ಕೂರುವ ಟೇಪರ್ (ತುದಿಗೆ ಸಣ್ಣಗಾಗುವ ಭಾಗ) ಬಹಳ ಬಿಗಿ, ಎಳೆದು ತೆಗೆಯಲು ದೊಡ್ಡ ಪುಲ್ಲರ್ ಬೇಕು. ಆ ಕೆಲಸ ಗೊತ್ತಿರುವವರಿಗೇ ಕೊಡಿ. ಹಬ್ ಹಿಡಿಯುವ ಆರು ಸ್ಟಡ್‌ಗಳು ಕೂತಿರುವುದು ಅಲ್ಯೂಮಿನಿಯಂ ತೋಳಿನಲ್ಲಿ. ಶಾಫ್ಟ್ ಹೊರಗಿರುವಾಗಲೇ ತೋಳಿನ ತೂತುಗಳ ಥ್ರೆಡ್ ನೋಡಿ, ಸವೆದಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ತಂತಿಯ ಸುರುಳಿ) ಹಾಕಿಸಿ. ಕಪ್ ಅಳತೆ ತೆಗೆದ ಮೇಲೆ ಬರೆಯಿರಿ, ನನ್ನ ಶಾಫ್ಟ್‌ನ ಅಳತೆಯ ಜೊತೆ ಹೋಲಿಸಿ ಹೇಳುತ್ತೇನೆ.